ತೂಕಕ್ಕೆ ಹಾಕಿದ ಪ್ರೀತಿ: ಲಿಯರ್ ಮತ್ತು ಅವನ ಮಕ್ಕಳ ಬಗ್ಗೆ ನಾನೂರು ವರ್ಷದ ವಾದ

ಮಕ್ಕಳು ಕೆಟ್ಟವರಾದ್ದರಿಂದ ತಂದೆ ಹಾಳಾದನೋ, ತಂದೆಗೆ ಮಕ್ಕಳ ಮನಸ್ಸು ತಿಳಿಯದ್ದರಿಂದ ಮನೆಯೆಲ್ಲ ಹಾಳಾಯಿತೋ? ಷೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕವನ್ನು ಓದಿದವರೂ ನೋಡಿದವರೂ ನಾನೂರು ವರ್ಷಗಳಿಂದ ಈ ಪ್ರಶ್ನೆಗೆ ಮರಳಿ ಬರುತ್ತಲೇ ಇದ್ದಾರೆ. ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. ಎಂಬತ್ತು ದಾಟಿದ ಬ್ರಿಟನ್ನಿನ ರಾಜ ಲಿಯರ್ ರಾಜ್ಯಭಾರ ಇಳಿಸಿಕೊಂಡು ಮೂವರು ಹೆಣ್ಣುಮಕ್ಕಳಿಗೆ ನೆಲ ಹಂಚಲು ಹೊರಡುತ್ತಾನೆ. ನನ್ನನ್ನು ಯಾರು ಹೆಚ್ಚು ಪ್ರೀತಿಸುತ್ತೀರಿ ಎಂದು ತುಂಬಿದ ಸಭೆಯಲ್ಲಿ ಕೇಳುತ್ತಾನೆ. ಹಿರಿಯವಳು ಗಾನರಿಲ್, ನಡುವಿನವಳು ರೀಗನ್ ಬಾಯಿತುಂಬ ಹೊಗಳಿ ಪಾಲು ಪಡೆಯುತ್ತಾರೆ. ಕಿರಿಯವಳು ಕಾರ್ಡೀಲಿಯ ಹೇಳುವಂಥದ್ದು ತನ್ನಲ್ಲಿ ಏನೂ ಇಲ್ಲ ಎನ್ನುತ್ತಾಳೆ. ಮಗಳಾದವಳು ಎಷ್ಟು ಪ್ರೀತಿಸಬೇಕೋ ಅಷ್ಟು ಪ್ರೀತಿಸುತ್ತೇನೆ, ಮದುವೆಯಾದ ಮೇಲೆ ಅದರಲ್ಲಿ ಅರ್ಧ ಗಂಡನಿಗೆ ಸಲ್ಲುತ್ತದೆ ಎಂದು ನೇರವಾಗಿ ಹೇಳುತ್ತಾಳೆ. ಅವಳಿಗೆ ಪಾಲು ತಪ್ಪುತ್ತದೆ, ತೌರೂ ತಪ್ಪುತ್ತದೆ. ಆಮೇಲೆ ಹಿರಿಯರಿಬ್ಬರೂ ಸೇರಿ ತಂದೆಯ ನೂರು ಜನ ಸರದಾರರ ಪರಿವಾರವನ್ನು ಐವತ್ತಕ್ಕೆ, ಇಪ್ಪತ್ತೈದಕ್ಕೆ, ಕೊನೆಗೆ ಒಬ್ಬನೂ ಯಾಕೆ ಎನ್ನುವವರೆಗೆ ಇಳಿಸುತ್ತಾರೆ. ಮುದುಕ ಬಿರುಗಾಳಿಯ ರಾತ್ರಿಯಲ್ಲಿ ಬಯಲಿಗೆ ಬೀಳುತ್ತಾನೆ, ಬುದ್ಧಿ ಕಳೆದುಕೊಳ್ಳುತ್ತಾನೆ. ಅವನಿಗಾಗಿ ಗಂಡನ ನಾಡು ಫ್ರಾನ್ಸಿನಿಂದ ಸೈನ್ಯ ತಂದ ಕಾರ್ಡೀಲಿಯ ಸೋತು, ಸೆರೆಮನೆಯಲ್ಲಿ ನೇಣಿಗೆ ಬಲಿಯಾಗುತ್ತಾಳೆ. ಅವಳ ಹೆಣವನ್ನು ತೋಳಲ್ಲಿ ಎತ್ತಿಕೊಂಡು ಬಂದ ಲಿಯರ್ ಅಲ್ಲೇ ಪ್ರಾಣ ಬಿಡುತ್ತಾನೆ.

ಇದರ ಜೊತೆಗೇ ಗ್ಲಾಸ್ಟರ್ ಎಂಬ ಸಾಮಂತನ ಕಥೆಯೂ ಹೆಣೆದುಕೊಂಡಿದೆ. ಮದುವೆಯಾಚೆ ಹುಟ್ಟಿದ ಮಗ ಎಡ್ಮಂಡ್ ತಾನೇ ಬರೆದ ಒಂದು ಕಾಗದವನ್ನು ತೋರಿಸಿ, ಧರ್ಮಪತ್ನಿಯ ಮಗ ಎಡ್ಗರ್ ನಿನ್ನ ಜೀವ ತೆಗೆಯಲು ಹೊಂಚುಹಾಕಿದ್ದಾನೆ ಎಂದು ನಂಬಿಸುತ್ತಾನೆ. ನಂಬಿದ ತಂದೆ ಒಳ್ಳೆಯ ಮಗನನ್ನು ಬೇಟೆಯಾಡಿಸುತ್ತಾನೆ. ಕೆಟ್ಟ ಮಗನ ದ್ರೋಹದಿಂದ ಕಣ್ಣು ಕೀಳಿಸಿಕೊಳ್ಳುತ್ತಾನೆ. ಒಂದೇ ನಾಟಕದಲ್ಲಿ ಇಬ್ಬರು ತಂದೆಯರು, ಇಬ್ಬರದೂ ಒಂದೇ ಬಗೆಯ ಕುರುಡು.

ಕನ್ನಡಕ್ಕೆ ಈ ಕಥೆ ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೇ ಎಂ. ಎಸ್. ಪುಟ್ಟಣ್ಣನವರ ‘ಹೇಮಚಂದ್ರರಾಜ ವಿಲಾಸ’ವಾಗಿ ಬಂತು. ಮುಂದೆ ಮಾಸ್ತಿಯವರು ‘ಲಿಯರ್ ಮಹಾರಾಜ’ ಎಂದು ತಂದರು. ಈ ನಾಟಕದ ಬಗ್ಗೆ ಬೆಳೆದ ವಾದವನ್ನು ಓದುತ್ತ ಹೋದಂತೆ ನನಗೆ ಸ್ಪಷ್ಟವಾದದ್ದು ಇಷ್ಟು: ಇಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗಿವೆ. ಅನಾಹುತ ಎಲ್ಲಿಂದ ಶುರುವಾಯಿತು ಎನ್ನುವುದು ಒಂದು. ಅದರ ಪಾಪ ಯಾರ ತಲೆಗೆ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ತಂದೆ ಎಂದು ಉತ್ತರ ಕೊಟ್ಟವರು ಎರಡನೆಯದಕ್ಕೂ ಅದೇ ಉತ್ತರ ಸಾಕೆಂದುಕೊಂಡಿದ್ದಾರೆ. ಎರಡನೆಯದಕ್ಕೆ ಮಕ್ಕಳು ಎಂದವರು ಮೊದಲನೆಯದನ್ನು ಕೇಳಿಕೊಳ್ಳಲೇ ಇಲ್ಲ.

ಅಥೆನ್ಸಿನ ಮುದುಕರು

ಗ್ರೀಕರಿಗೆ ಇದು ನಾಟಕದ ವಸ್ತುವಾಗುವ ಮೊದಲೇ ಕಾನೂನಿನ ವಸ್ತುವಾಗಿತ್ತು. ಮುಪ್ಪಿನ ತಂದೆತಾಯಿಗೆ ಅನ್ನ, ಆಸರೆ ಕೊಡದ ಮಗನ ಮೇಲೆ ಅಥೆನ್ಸಿನಲ್ಲಿ ಯಾವ ನಾಗರಿಕನಾದರೂ ದಾವೆ ಹೂಡಬಹುದಿತ್ತು. ಅದೇ ಕಾನೂನಿಗೆ ಇನ್ನೊಂದು ಮಗ್ಗುಲೂ ಇತ್ತು. ಮಗನಿಗೆ ಕಸುಬು ಕಲಿಸದ ತಂದೆ ಮುಪ್ಪಿನಲ್ಲಿ ಅವನಿಂದ ಪೋಷಣೆ ಕೇಳುವಂತಿಲ್ಲ ಎಂದು ಸೋಲೋನ್ ವಿಧಿಸಿದ್ದನೆಂದು ಪ್ಲುಟಾರ್ಕ್ ಬರೆಯುತ್ತಾನೆ. ಮಕ್ಕಳ ಕರ್ತವ್ಯ ಎಷ್ಟು ಗಟ್ಟಿಯೋ ತಂದೆಯ ಕರ್ತವ್ಯವೂ ಅಷ್ಟೇ ಗಟ್ಟಿ ಎಂದು ಒಪ್ಪಿದ ಸಮಾಜ ಅದು.

ಸೋಫೋಕ್ಲಿಸ್ ತೊಂಬತ್ತರ ಹತ್ತಿರ ಬಂದಾಗ ಬರೆದ ‘ಈಡಿಪಸ್ ಅಟ್ ಕೊಲೋನಸ್’ ಈ ಸಮತೋಲವನ್ನೇ ಅಲುಗಾಡಿಸುವ ನಾಟಕ. ಅವನು ತೀರಿಕೊಂಡ ಮೇಲೆ, ಕ್ರಿ.ಪೂ. 401ರಲ್ಲಿ, ಮೊಮ್ಮಗ ಅದನ್ನು ರಂಗಕ್ಕೆ ತಂದ. ಕುರುಡು ಈಡಿಪಸ್ ಮಗಳು ಆಂಟಿಗನಿಯ ಕೈ ಹಿಡಿದು ಊರೂರು ಅಲೆದು ಕೊಲೋನಸ್ಸಿಗೆ ಬಂದಿದ್ದಾನೆ. ತನ್ನನ್ನು ಥೀಬ್ಸಿನಿಂದ ಹೊರಗಟ್ಟುವಾಗ ಗಂಡುಮಕ್ಕಳಿಬ್ಬರೂ ಬಾಯಿ ಬಿಡಲಿಲ್ಲ ಎಂಬ ಸಿಟ್ಟು ಅವನಲ್ಲಿ ಆರಿಲ್ಲ. ಈಗ ತಮ್ಮನಿಂದ ಸಿಂಹಾಸನ ಕಳೆದುಕೊಂಡ ಪಾಲಿನೈಸಿಸ್ ಆಶೀರ್ವಾದ ಕೇಳಿಕೊಂಡು ಬರುತ್ತಾನೆ. ಆಂಟಿಗನಿ ತಂದೆಯನ್ನು ಬೇಡಿಕೊಳ್ಳುತ್ತಾಳೆ: ಅವನು ಎಷ್ಟೇ ಕೆಡುಕು ಮಾಡಿರಲಿ, ಹೆತ್ತವನಾದ ನೀನು ಕೆಡುಕನ್ನೇ ತಿರುಗಿಸಿ ಕೊಡುವುದು ಸರಿಯಲ್ಲ. ಈಡಿಪಸ್ ಮಗನ ಮಾತು ಕೇಳುವಷ್ಟಕ್ಕೆ ಮಾತ್ರ ಒಪ್ಪುತ್ತಾನೆ. ಕೇಳಿ, ಅಣ್ಣತಮ್ಮ ಒಬ್ಬರನ್ನೊಬ್ಬರು ಕೊಂದುಕೊಳ್ಳಲಿ ಎಂದು ಶಾಪ ಹಾಕುತ್ತಾನೆ. ಶಾಪ ಫಲಿಸುತ್ತದೆ. ಅದರ ಬೆಂಕಿ ಆಂಟಿಗನಿಯನ್ನೂ ಸುಡುತ್ತದೆಂದು ಪ್ರೇಕ್ಷಕರಿಗೆಲ್ಲ ಗೊತ್ತು. ಈ ಕೋಪ ದೈವಿಕವಾದದ್ದು, ಈಡಿಪಸ್ ಸಾಯುವ ಮುನ್ನ ದೇವತೆಗಳ ಸಾಲಿಗೆ ಹತ್ತಿರವಾಗುತ್ತಿದ್ದಾನೆ ಎಂದು ಒಂದು ಪಕ್ಷ ಹೇಳುತ್ತದೆ. ಹಿಂದೆ ಅವನನ್ನು ಕೆಡಿಸಿದ ಕೋಪವೇ ಇದು, ಅವನು ಏನೂ ಕಲಿಯಲಿಲ್ಲ ಎಂದು ಇನ್ನೊಂದು ಪಕ್ಷ. ನನಗೆ ಆಂಟಿಗನಿಯ ಮಾತೇ ನಾಟಕದ ತೂಕದ ಮಾತಾಗಿ ಕೇಳಿಸುತ್ತದೆ. ಮಗನ ಅಪರಾಧವನ್ನು ಅವಳು ಅಲ್ಲಗಳೆಯುವುದಿಲ್ಲ. ಅಪರಾಧ ಒಪ್ಪಿಕೊಂಡೇ ತಂದೆಯ ಹೊಣೆಯನ್ನು ನೆನಪಿಸುತ್ತಾಳೆ.

ಮುಪ್ಪಿನ ಸೋಫೋಕ್ಲಿಸನಿಗೆ ಆಸ್ತಿ ನೋಡಿಕೊಳ್ಳುವ ಬುದ್ಧಿ ಉಳಿದಿಲ್ಲವೆಂದು ಅವನ ಮಕ್ಕಳೇ ನ್ಯಾಯಾಲಯಕ್ಕೆ ಹೋದರೆಂದೂ, ಅವನು ಇದೇ ನಾಟಕದ ಭಾಗ ಓದಿ ಗೆದ್ದನೆಂದೂ ಸಿಸೆರೋ ಒಂದು ಕಥೆ ಹೇಳುತ್ತಾನೆ. ಕಥೆ ನಿಜವೆಂದು ಇಂದಿನ ವಿದ್ವಾಂಸರು ಅಷ್ಟಾಗಿ ನಂಬುವುದಿಲ್ಲ.

ತಪ್ಪು ತಿಳಿದ ತಂದೆಯ ಶುದ್ಧ ಉದಾಹರಣೆ ಬೇಕೆಂದರೆ ಯುರಿಪಿಡೀಸನ ‘ಹಿಪ್ಪೊಲಿಟಸ್’ (ಕ್ರಿ.ಪೂ. 428) ನೋಡಬೇಕು. ಹೆಂಡತಿ ಫೀಡ್ರಾ ಬರೆದಿಟ್ಟ ಸುಳ್ಳು ಪತ್ರವನ್ನು ನಂಬಿ ಥೀಸಿಯಸ್ ಮಗನನ್ನು ಶಪಿಸುತ್ತಾನೆ. ಸಮುದ್ರದಿಂದ ಎದ್ದ ಗೂಳಿಗೆ ಬೆದರಿದ ಕುದುರೆಗಳು ಹಿಪ್ಪೊಲಿಟಸನನ್ನು ಎಳೆದಾಡಿ ಕೊಲ್ಲುತ್ತವೆ. ಮಗನಿಗೆ ಸತ್ಯ ಗೊತ್ತಿತ್ತು. ಆಣೆಗೆ ಕಟ್ಟುಬಿದ್ದು ಹೇಳಲಿಲ್ಲ. ಕಾರ್ಡೀಲಿಯಳ ಮೌನಕ್ಕಿಂತ ಎರಡು ಸಾವಿರ ವರ್ಷ ಹಿಂದಿನ ಈ ಮೌನವೂ ತಂದೆಯ ಅವಸರದ ತೀರ್ಪನ್ನು ತಡೆಯಲಿಲ್ಲ.

ಉಪ್ಪಿನ ಕಥೆ ರಾಜಸಭೆಗೆ ಬಂದದ್ದು

ಲಿಯರನ ಕಥೆಯ ಬುಡ ಜನಪದದಲ್ಲಿದೆ. ಉಪ್ಪಿನಷ್ಟು ಪ್ರೀತಿಸುತ್ತೇನೆ ಎಂದು ಹೇಳಿ ಮನೆ ಬಿಡಬೇಕಾದ ಮಗಳು ಕೊನೆಗೆ ತಂದೆಗೆ ಉಪ್ಪಿಲ್ಲದ ಅಡುಗೆ ಬಡಿಸಿ ಬುದ್ಧಿ ತರಿಸುವ ಕಥೆ ಯುರೋಪಿನ ತುಂಬ ಹಬ್ಬಿದೆ. ನಮ್ಮ ದೇಶದಲ್ಲಿ ಹೆಚ್ಚು ಕೇಳಿಬರುವ ರೂಪ ಬೇರೆ. ಯಾರ ಅನ್ನ ತಿನ್ನುತ್ತಿದ್ದೀಯ ಎಂದು ರಾಜ ಕೇಳಿದರೆ, ಕಿರಿಮಗಳು ನನ್ನ ಹಣೆಬರಹದ ಅನ್ನ ಎನ್ನುತ್ತಾಳೆ. ಎರಡೂ ಕಡೆ ತಂದೆ ಕೇಳುವ ಪ್ರಶ್ನೆಯೇ ತಪ್ಪು, ಮತ್ತು ಎರಡೂ ಕಡೆ ಕಥೆ ಸುಖವಾಗಿ ಮುಗಿಯುತ್ತದೆ.

1136ರ ಸುಮಾರಿಗೆ ಮಾನ್‌ಮತ್‌ನ ಜೆಫ್ರಿ ಬ್ರಿಟನ್ನಿನ ಅರಸರ ಚರಿತ್ರೆಯೊಳಗೆ ಇದನ್ನು ಸೇರಿಸಿದ. ಅಲ್ಲಿ ಲಿಯರ್ ಕಾರ್ಡೀಲಿಯಳ ನೆರವಿನಿಂದ ಸಿಂಹಾಸನ ಮರಳಿ ಪಡೆದು ಮೂರು ವರ್ಷ ಆಳಿ ಸಾಯುತ್ತಾನೆ. ಕಾರ್ಡೀಲಿಯ ಕೆಲವು ವರ್ಷಗಳ ಮೇಲೆ, ಅಕ್ಕಂದಿರ ಮಕ್ಕಳು ದಂಗೆ ಎದ್ದಾಗ, ಸೆರೆಯಲ್ಲಿ ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ಹಾಲಿನ್‌ಶೆಡ್‌ನ ಚರಿತ್ರೆಯಲ್ಲೂ ಸ್ಪೆನ್ಸರನ ಕಾವ್ಯದಲ್ಲೂ ಇದೇ ಮುಂದುವರಿಯಿತು. ರಾಜ್ಯ ಹಂಚುವ ತಂದೆಯ ಮೂರ್ಖತನ ಇಂಗ್ಲಿಷ್ ರಂಗಭೂಮಿಗೆ ಆ ಹೊತ್ತಿಗೆ ಹೊಸದಾಗಿರಲಿಲ್ಲ. 1562ರ ಜನವರಿಯಲ್ಲಿ ಎಲಿಜಬೆತ್ ರಾಣಿಯ ಮುಂದೆ ಆಡಿದ ‘ಗಾರ್ಬೊಡಕ್’ ಎಂಬ ದುರಂತ ನಾಟಕದಲ್ಲಿ ರಾಜ ಇಬ್ಬರು ಗಂಡುಮಕ್ಕಳಿಗೆ ದೇಶ ಹಂಚಿ ಅಂತರ್ಯುದ್ಧ ತರಿಸಿಕೊಳ್ಳುತ್ತಾನೆ.

ಷೇಕ್ಸ್‌ಪಿಯರನಿಗೆ ಅತಿ ಹತ್ತಿರದ ಆಕರ 1605ರಲ್ಲಿ ಅಚ್ಚಾದ, ಕರ್ತೃ ಯಾರೆಂದು ತಿಳಿಯದ ‘ಕಿಂಗ್ ಲೀರ್’ ಎಂಬ ಹಳೆಯ ನಾಟಕ. ಅದು ಶುರುವಾಗುವುದು ರಾಣಿ ಈಗಷ್ಟೇ ತೀರಿಕೊಂಡ ದುಃಖದಲ್ಲಿ. ರಾಜನಿಗೆ ಪ್ರೀತಿಯ ಪರೀಕ್ಷೆ ಇಡಲು ಕಾರಣವೂ ಇದೆ: ಮಾತಿನಲ್ಲಿ ಕಿರಿಮಗಳನ್ನು ಕಟ್ಟಿಹಾಕಿ ತಾನು ಹೇಳಿದ ವರನನ್ನು ಒಪ್ಪಿಸಬೇಕು. ಕೊನೆಯಲ್ಲಿ ತಂದೆ ಮಗಳು ಇಬ್ಬರೂ ಬದುಕುತ್ತಾರೆ. ಷೇಕ್ಸ್‌ಪಿಯರ್ ಸತ್ತ ರಾಣಿಯನ್ನು ತೆಗೆದುಹಾಕಿದ, ಕಾರಣವನ್ನು ತೆಗೆದುಹಾಕಿದ, ಸುಖಾಂತ್ಯವನ್ನೂ ತೆಗೆದುಹಾಕಿದ. ಗ್ಲಾಸ್ಟರನ ಕಥೆಯನ್ನು ಸಿಡ್ನಿಯ ‘ಆರ್ಕೇಡಿಯ’ದಿಂದ ತಂದು ಸೇರಿಸಿದ. ಮುಂದಿನ ವಾದವೆಲ್ಲ ಹುಟ್ಟಿದ್ದು ಅವನು ತೆಗೆದುಹಾಕಿದ ಆ ಮೂರು ಸಂಗತಿಗಳ ಜಾಗದಲ್ಲಿ.

ಆ ಕಾಲದ ಒಂದು ನಿಜ ಘಟನೆಯನ್ನೂ ಇಲ್ಲಿ ಹೇಳಬೇಕು. 1603ರಲ್ಲಿ ಕೆಂಟ್ ಪ್ರಾಂತ್ಯದ ಬ್ರಯನ್ ಆನ್ಸ್‌ಲಿ ಎಂಬ ಮುದಿ ಗೃಹಸ್ಥನಿಗೆ ಬುದ್ಧಿಭ್ರಮಣೆ ಎಂದು ಘೋಷಿಸಲು ಹಿರಿಮಗಳು ಮತ್ತು ಅವಳ ಗಂಡ ಪ್ರಯತ್ನಿಸಿದರು. ಕಿರಿಮಗಳು ಕಾರ್ಡೆಲ್ ಅದನ್ನು ತಡೆಯಲು ಸರ್ಕಾರಕ್ಕೆ ಪತ್ರ ಬರೆದಳು. ಷೇಕ್ಸ್‌ಪಿಯರ್ ಇದನ್ನು ಕೇಳಿದ್ದನೆಂಬುದಕ್ಕೆ ಸಾಕ್ಷ್ಯವಿಲ್ಲ, ಊಹೆ ಮಾತ್ರ. ಆದರೂ ಪುರಾತನ ದಂತಕಥೆಯೊಂದು ಅಂದಿನ ಪ್ರೇಕ್ಷಕರಿಗೆ ನೆರೆಮನೆಯ ಸುದ್ದಿಯಷ್ಟೇ ಹತ್ತಿರವಾಗಿತ್ತೆಂದು ಇದರಿಂದ ತಿಳಿಯುತ್ತದೆ.

ಕೃತಘ್ನತೆಯೇ ಪಾಪ ಎಂದವರು

1606ರ ಡಿಸೆಂಬರ್ 26ರಂದು ನಾಟಕ ಜೇಮ್ಸ್ ದೊರೆಯ ಅರಮನೆಯಲ್ಲಿ ನಡೆಯಿತು. ಮುಂದಿನ ಎರಡು ಶತಮಾನಗಳ ಬಹುಪಾಲು ಪ್ರೇಕ್ಷಕರಿಗೆ ಅದರ ಅರ್ಥದಲ್ಲಿ ಅನುಮಾನವಿರಲಿಲ್ಲ. ತಂದೆ ಸಿಡುಕ, ಅವಸರದವನು, ಅಷ್ಟೇ. ಪಾಪವೆಲ್ಲ ಹೆಣ್ಣುಮಕ್ಕಳದು. ಆದ್ದರಿಂದ ಅವರನ್ನು ಕಾಡಿದ ಪ್ರಶ್ನೆ ಬೇರೆ: ಒಳ್ಳೆಯ ಮಗಳು ಯಾಕೆ ಸಾಯಬೇಕು? 1681ರಲ್ಲಿ ನೇಹಮ್ ಟೇಟ್ ನಾಟಕವನ್ನೇ ತಿದ್ದಿ ಬರೆದ. ಲಿಯರ್ ಬದುಕಿದ, ಕಾರ್ಡೀಲಿಯ ಎಡ್ಗರನನ್ನು ಪ್ರೀತಿಸಿ ಮದುವೆಯಾದಳು, ಲಿಯರನ ಜೊತೆಗಿದ್ದ ವಿದೂಷಕ ಮಾಯವಾದ. ಸುಮಾರು ಒಂದೂವರೆ ಶತಮಾನ ಇಂಗ್ಲೆಂಡಿನ ರಂಗದ ಮೇಲೆ ಜನ ನೋಡಿದ್ದು ಈ ತಿದ್ದಿದ ಲಿಯರನನ್ನೇ. 1765ರಲ್ಲಿ ಷೇಕ್ಸ್‌ಪಿಯರನ ಕೃತಿಗಳನ್ನು ಸಂಪಾದಿಸಿದ ಸ್ಯಾಮ್ಯುಯೆಲ್ ಜಾನ್ಸನ್ ಕಾರ್ಡೀಲಿಯಳ ಸಾವಿನಿಂದ ತನಗೆ ಎಷ್ಟು ಆಘಾತವಾಗಿತ್ತೆಂದರೆ, ಸಂಪಾದನೆಯ ಕೆಲಸ ಬರುವವರೆಗೆ ಆ ಕೊನೆಯ ದೃಶ್ಯಗಳನ್ನು ಮತ್ತೆ ಓದಿರಲಿಲ್ಲ ಎಂದು ಬರೆದ. ಅಂಥ ಗಟ್ಟಿ ಓದುಗನನ್ನೂ ಅಲ್ಲಾಡಿಸಿದ್ದು ಅನ್ಯಾಯದ ನೋವು.

ಮೂರನೆಯ ಜಾರ್ಜ್ ದೊರೆಯ ಮಾನಸಿಕ ಕಾಯಿಲೆಯ ಕೊನೆಯ ಹತ್ತು ವರ್ಷ, 1811ರಿಂದ 1820ರವರೆಗೆ, ಲಂಡನ್ನಿನಲ್ಲಿ ಲಿಯರ್ ನಾಟಕವನ್ನು ಆಡಲೇ ಇಲ್ಲ. 1823ರಲ್ಲಿ ಎಡ್ಮಂಡ್ ಕೀನ್ ದುರಂತ ಅಂತ್ಯವನ್ನು ಮರಳಿ ತಂದ. 1838ರಲ್ಲಿ ಮ್ಯಾಕ್ರೆಡಿ ವಿದೂಷಕನನ್ನೂ ಮರಳಿಸಿದ. ಈ ನಡುವೆ ಚಾರ್ಲ್ಸ್ ಲ್ಯಾಂಬ್ ಲಿಯರನ ಒಳಗಿನ ಬಿರುಗಾಳಿ ರಂಗದ ಮೇಲೆ ಹಿಡಿಯುವಂಥದ್ದಲ್ಲ, ಅದು ಓದಿಗೇ ಸರಿ ಎಂದು ವಾದಿಸಿದ್ದ.

ಈ ಪಂಥದ ಅತ್ಯಂತ ಆಳವಾದ ಧ್ವನಿ ಎ. ಸಿ. ಬ್ರ್ಯಾಡ್ಲಿಯದು. 1904ರಲ್ಲಿ ಪ್ರಕಟವಾದ ಅವನ ಉಪನ್ಯಾಸಗಳಲ್ಲಿ ಲಿಯರ್ ನರಳಿ ನರಳಿ ಶುದ್ಧನಾಗುವ ಮನುಷ್ಯ. ಬಡವರ ಚಳಿ ತನಗೆ ತಟ್ಟಿದ ಮೇಲೆ ಅವರನ್ನು ನೆನೆಯುವವನು, ಮಗಳ ಮುಂದೆ ಮಂಡಿಯೂರುವವನು. ಕೊನೆಯ ಗಳಿಗೆಯಲ್ಲಿ ಕಾರ್ಡೀಲಿಯಳ ತುಟಿ ಅಲುಗಿತೆಂದು ನಂಬಿ, ಸಂತೋಷದಿಂದಲೇ ಎದೆಯೊಡೆದು ಸಾಯುತ್ತಾನೆ ಎಂದು ಬ್ರ್ಯಾಡ್ಲಿ ಓದಿದ. ನಾಟಕದ ನಾಲ್ಕನೆಯ ಅಂಕದ ಪುನರ್ಮಿಲನ ನಮ್ಮ ಗಂಟಲು ಕಟ್ಟಿಸುವುದೇಕೆ ಎನ್ನುವುದನ್ನು ಈ ಓದಿನಷ್ಟು ಚೆನ್ನಾಗಿ ಬೇರಾವುದೂ ವಿವರಿಸುವುದಿಲ್ಲ. ಅದಕ್ಕೆ ವಿವರಿಸಲಾಗದ್ದು ಮೊದಲ ದೃಶ್ಯ. ಬ್ರ್ಯಾಡ್ಲಿಯೂ ಅದನ್ನು ಬೇಗ ದಾಟಿಬಿಡುತ್ತಾನೆ.

ತಪ್ಪು ತಂದೆಯದೇ?

ಮೊದಲ ದೃಶ್ಯವನ್ನು ನಿಧಾನವಾಗಿ ಓದಿದವರಿಗೆ ಕಾಣುವ ಸಂಗತಿಗಳು ಬೇರೆ. ನಾಟಕದ ಮೊಟ್ಟಮೊದಲ ಮಾತುಗಳಲ್ಲೇ ರಾಜನ ಆಪ್ತ ಸಾಮಂತ ಕೆಂಟ್ ಮತ್ತು ಗ್ಲಾಸ್ಟರ್ ಪಾಲುಗಳ ವಿಚಾರ ಮಾತಾಡುತ್ತಾರೆ. ಇಬ್ಬರು ಅಳಿಯಂದಿರ ಪಾಲು ಸರಿಸಮ ಎಂದು ಅವರಿಗಾಗಲೇ ಗೊತ್ತು. ನಕ್ಷೆ ಮೊದಲೇ ಸಿದ್ಧವಾಗಿದೆ. ಹಾಗಾದರೆ ಪ್ರೀತಿಯ ಪರೀಕ್ಷೆಗೆ ಬೆಲೆ ಏನು? ಗಾನರಿಲ್ ಮಾತು ಮುಗಿಸುತ್ತಲೇ ರೀಗನ್ ಬಾಯಿ ತೆರೆಯುವ ಮೊದಲೇ ಗಾನರಿಲಳ ಪಾಲು ಗೊತ್ತುಮಾಡಿ ಕೊಟ್ಟಾಗುತ್ತದೆ. ಲಿಯರನಿಗೆ ಬೇಕಾದದ್ದು ತೀರ್ಪಿಗೆ ಬೇಕಾದ ಪುರಾವೆಯಾಗಿರಲಿಲ್ಲ. ಎಲ್ಲರೂ ಕೇಳುವಂತೆ, ವಿಶೇಷವಾಗಿ ಕಿರಿಮಗಳ ಬಾಯಿಂದ, ಹೊಗಳಿಕೆ ಬೇಕಾಗಿತ್ತು.

ಎಲ್ಲರೂ ಹೋದ ಮೇಲೆ ಅಕ್ಕತಂಗಿಯರಿಬ್ಬರೇ ಆಡುವ ಮಾತು ಇನ್ನೂ ಮುಖ್ಯವಾದದ್ದು. ತಂದೆ ಯಾವಾಗಲೂ ಕಿರಿಯವಳನ್ನೇ ಹೆಚ್ಚು ಪ್ರೀತಿಸಿದ, ಈಗ ಅವಳನ್ನು ಹೊರಗಟ್ಟಿದ ರೀತಿಯಲ್ಲೇ ಅವನ ವಿವೇಕ ಎಷ್ಟೆಂದು ಗೊತ್ತಾಗುತ್ತದೆ ಎನ್ನುತ್ತಾಳೆ ಗಾನರಿಲ್. ಅವನಿಗೆ ತನ್ನನ್ನು ತಾನು ತಿಳಿದುಕೊಳ್ಳುವುದು ಎಂದೂ ಬಂದದ್ದೇ ಇಲ್ಲ ಎನ್ನುತ್ತಾಳೆ ರೀಗನ್. ಲಿಯರನ ಬಗ್ಗೆ ಇಡೀ ನಾಟಕದಲ್ಲೇ ಅತ್ಯಂತ ಸರಿಯಾದ ಮಾತು ಅವನನ್ನು ಬೀದಿಗೆ ತಳ್ಳುವ ಮಕ್ಕಳ ಬಾಯಲ್ಲೇ ಬರುತ್ತದೆ. ಹೆಚ್ಚು ಪ್ರೀತಿ ಕಿರಿಯವಳಿಗೆ ಎಂದು ತಿಳಿದೇ ಬೆಳೆದ ಇಬ್ಬರು ಹೆಣ್ಣುಮಕ್ಕಳ ಬಾಲ್ಯ ಹೇಗಿದ್ದಿರಬಹುದು ಎಂದು ಆ ಮಾತು ಕೇಳಿದವರು ಯೋಚಿಸದಿರಲಾರರು. ಅತ್ತ ಗ್ಲಾಸ್ಟರನೂ ಅದೇ ಮೊದಲ ದೃಶ್ಯದಲ್ಲಿ, ಎಡ್ಮಂಡ್ ಪಕ್ಕದಲ್ಲೇ ನಿಂತಿರುವಾಗ, ಅವನ ಹುಟ್ಟಿನ ಬಗ್ಗೆ ಕೆಂಟನೊಡನೆ ನಗೆಚಾಟಿಕೆ ಮಾಡುತ್ತಾನೆ. ಮಗ ಕೇಳಿಸಿಕೊಂಡು ವಿನಯದಿಂದ ಸುಮ್ಮನಿರುತ್ತಾನೆ.

ರಂಗದ ಮೇಲೆ ಈ ಓದಿಗೆ ದೊಡ್ಡ ರೂಪ ಕೊಟ್ಟವನು ಪೀಟರ್ ಬ್ರೂಕ್. ಪಾಲ್ ಸ್ಕೋಫೀಲ್ಡ್ ಲಿಯರನಾಗಿ ನಟಿಸಿದ 1962ರ ಪ್ರಯೋಗದಲ್ಲಿ ರಾಜನ ಸರದಾರರು ಗಾನರಿಲಳ ಮನೆಯಲ್ಲಿ ಮೇಜು ಕುರ್ಚಿ ಉರುಳಿಸಿ ದಾಂಧಲೆ ಮಾಡಿದರು. ಗೃಹಿಣಿಯಾಗಿ ಅವಳ ದೂರು ಸಹಜವೆನ್ನಿಸಿತು. ಪ್ರೇಕ್ಷಕರಿಗೆ ಮೊದಲ ಬಾರಿಗೆ ಮನೆ ಯಾರದು, ಅತಿಥಿ ಯಾರು ಎಂದು ಕೇಳಿಕೊಳ್ಳಬೇಕಾಯಿತು.

ತತ್ತ್ವಜ್ಞಾನಿ ಸ್ಟಾನ್ಲಿ ಕ್ಯಾವೆಲ್ 1969ರಲ್ಲಿ ಇನ್ನೂ ಒಳಗೆ ಹೋದ. ಲಿಯರನಿಗೆ ನಿಜ ಪ್ರೀತಿ ಗುರುತಿಸಲು ಬರಲಿಲ್ಲ ಎನ್ನುವುದು ಸುಳ್ಳು, ಗುರುತಿಸಿದ್ದರಿಂದಲೇ ಅವನು ಹೆದರಿದ ಎಂದು ಅವನ ವಾದ. ಹುಸಿ ಹೊಗಳಿಕೆಗೆ ಭೂಮಿ ಕೊಟ್ಟು ತೀರಿಸಬಹುದು. ನಿಜವಾದ ಪ್ರೀತಿಗೆ ಕೊಡಲು ಕೈಯಲ್ಲಿ ಏನೂ ಇರುವುದಿಲ್ಲ, ಅದರ ಮುಂದೆ ಬರಿಗೈಯಲ್ಲಿ ನಿಲ್ಲಬೇಕು. ಆ ನಾಚಿಕೆಯನ್ನು ತಪ್ಪಿಸಿಕೊಳ್ಳಲು ರಾಜ ಲೆಕ್ಕವಿಡುವ ಪ್ರೀತಿಯನ್ನು ಆರಿಸಿಕೊಂಡ. ಈ ನಾಟಕದ ಬಗ್ಗೆ ನಾನು ಓದಿದ್ದರಲ್ಲಿ ನನ್ನನ್ನು ಹೆಚ್ಚು ಕಾಡಿದ ವಿವರಣೆ ಇದು. ಪರಿವಾರ ಕಡಿತದ ದೃಶ್ಯವನ್ನು ಇದರ ಬೆಳಕಿನಲ್ಲಿ ಓದಿದರೆ ಎದೆ ಹಿಂಡುತ್ತದೆ. ಗಾನರಿಲ್ ಐವತ್ತು ಒಪ್ಪುತ್ತಾಳೆ, ರೀಗನ್ ಇಪ್ಪತ್ತೈದು ಎನ್ನುತ್ತಾಳೆ. ಹಾಗಾದರೆ ಗಾನರಿಲಳ ಪ್ರೀತಿ ಎರಡು ಪಟ್ಟು ಎಂದು ಲಿಯರ್ ಆ ಅವಮಾನದ ನಡುವೆಯೂ ಲೆಕ್ಕ ಹಾಕುತ್ತಾನೆ. ತಕ್ಕಡಿ ತಂದವನು ಅವನೇ. ಮಕ್ಕಳು ಅದೇ ತಕ್ಕಡಿಯಲ್ಲಿ ಅವನನ್ನು ತೂಗಿದರು.

ಆದರೂ ಇಲ್ಲಿಗೆ ನಿಲ್ಲಿಸುವುದು ನನಗೆ ಸಾಧ್ಯವಿಲ್ಲ. ಗ್ಲಾಸ್ಟರನ ಕಣ್ಣು ಕೀಳುವ ದೃಶ್ಯದಲ್ಲಿ ರೀಗನ್ ಪಕ್ಕದಲ್ಲಿ ನಿಂತು ಇನ್ನೊಂದು ಕಣ್ಣೂ ಹೋಗಲಿ ಎನ್ನುತ್ತಾಳೆ. ಅದನ್ನು ಯಾವ ಬಾಲ್ಯದ ಗಾಯವೂ ತೊಳೆಯುವುದಿಲ್ಲ. ಅಲ್ಲಿ ಕಣ್ಣು ಕೀಳುವ ಅವಳ ಗಂಡ ಕಾರ್ನ್‌ವಾಲನಿಗೆ ಅಡ್ಡ ನಿಂತು ಪ್ರಾಣ ಕೊಡುವವನು ಒಬ್ಬ ಹೆಸರಿಲ್ಲದ ಆಳು. ಅವನಿಗೆ ಗ್ಲಾಸ್ಟರನ ಯಾವ ಹಂಗೂ ಇರಲಿಲ್ಲ. ಅವನು ಬಾಲ್ಯದಿಂದ ಉಂಡದ್ದು ಕಾರ್ನ್‌ವಾಲನ ಅನ್ನ.

ಷರತ್ತು ಹಾಕಿ ಕೊಟ್ಟ ಆಸ್ತಿ

ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಬಂದ ಇತಿಹಾಸನಿಷ್ಠ ಓದುಗಳು ಮನಸ್ಸಿಗಿಂತ ನೆಲವನ್ನು ನೋಡಿದವು. 1949ರಲ್ಲಿ ಜಾನ್ ಡ್ಯಾನ್ಬಿ ಈ ನಾಟಕದಲ್ಲಿ ಎರಡು ಕಾಲಗಳು ಡಿಕ್ಕಿ ಹೊಡೆಯುತ್ತವೆ ಎಂದ. ಹುಟ್ಟಿನಿಂದಲೇ ಬರುವ ಕಟ್ಟುಪಾಡುಗಳ ಹಳೆಯ ಲೋಕ ಒಂದು, ಗೆದ್ದವನದೇ ನ್ಯಾಯವೆನ್ನುವ ಎಡ್ಮಂಡನ ಹೊಸ ಲೋಕ ಇನ್ನೊಂದು. 1984ರಲ್ಲಿ ಜೊನಾಥನ್ ಡಾಲಿಮೋರ್ ಇನ್ನೂ ಕಟುವಾಗಿ, ಇಲ್ಲಿ ಕರುಣೆಯಂಥ ಮೌಲ್ಯಗಳನ್ನೂ ಆಸ್ತಿ ಮತ್ತು ಅಧಿಕಾರವೇ ನಿರ್ಣಯಿಸುತ್ತವೆ ಎಂದು ವಾದಿಸಿದ. ಇಂಗ್ಲೆಂಡ್, ಸ್ಕಾಟ್ಲೆಂಡ್ ಎರಡನ್ನೂ ಒಂದುಗೂಡಿಸಲು ಹೊರಟಿದ್ದ ಜೇಮ್ಸ್ ದೊರೆಯ ಗಂಡುಮಕ್ಕಳು ಆಗ ಕಾರ್ನ್‌ವಾಲ್ ಮತ್ತು ಆಲ್ಬನಿಯ ಡ್ಯೂಕರಾಗಿದ್ದರು. ನಾಟಕದಲ್ಲಿ ದೇಶ ಹಂಚಿಕೊಳ್ಳುವ ಅಳಿಯಂದಿರ ಬಿರುದುಗಳೂ ಅವೇ. ಅರಮನೆಯ ಪ್ರೇಕ್ಷಕರು ಇದನ್ನು ಗಮನಿಸದಿರಲು ಸಾಧ್ಯವಿರಲಿಲ್ಲ.

ಮಧ್ಯಯುಗದ ಇಂಗ್ಲೆಂಡಿನ ರೈತರು ಮಕ್ಕಳಿಗೆ ಹೊಲ ಒಪ್ಪಿಸುವಾಗ ತಮಗೆ ವರ್ಷಕ್ಕೆ ಇಷ್ಟು ಧಾನ್ಯ, ಮಲಗಲು ಇಂಥ ಕೋಣೆ, ಒಲೆಯ ಹತ್ತಿರ ಜಾಗ ಎಂದೆಲ್ಲ ಕರಾರು ಬರೆಸುತ್ತಿದ್ದರು. ಲಿಯರನೂ ಷರತ್ತು ಹಾಕಿಯೇ ಕೊಟ್ಟಿದ್ದಾನೆ: ನೂರು ಸರದಾರರು, ತಿಂಗಳಿಗೊಮ್ಮೆ ಸರದಿಯಂತೆ ಒಬ್ಬೊಬ್ಬ ಮಗಳ ಮನೆ. ಬರೆಸಿಕೊಳ್ಳಲಿಲ್ಲ, ಸಭೆಯ ಮುಂದೆ ಬಾಯಲ್ಲಿ ಹೇಳಿದ.

ಕನ್ನಡದ ಓದುಗರಿಗೆ ಇದು ದೂರದ ಮಾತಲ್ಲ. ನಮ್ಮ ದೇಶದ 2007ರ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯ 23ನೆಯ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿ ಬರೆದುಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ ಆ ದಾನಪತ್ರವನ್ನು ರದ್ದು ಮಾಡಿಸಬಹುದು. ಕರ್ನಾಟಕದಲ್ಲಿ ಇಂಥ ಅರ್ಜಿಗಳು ಉಪವಿಭಾಗಾಧಿಕಾರಿಯ ಮುಂದೆ ಬರುತ್ತವೆ. ಷರತ್ತು ಇತ್ತೆಂದು ತೋರಿಸಬೇಕು, ಮಕ್ಕಳು ಎಂಬ ಸಂಬಂಧದಿಂದಲೇ ಅದನ್ನು ಊಹಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಇನ್ನೊಂದು ತೀರ್ಪಿನಲ್ಲಿ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಬೇಕೆಂದಿತು. ಲಿಯರನ ದಾವೆ ನಮ್ಮ ಉಪವಿಭಾಗಾಧಿಕಾರಿಯ ಕಚೇರಿಯಲ್ಲಿ ನಡೆದಿದ್ದರೆ ಅವನಿಗೆ ರಾಜ್ಯ ಮರಳಿ ಸಿಗುತ್ತಿತ್ತೇನೋ. ಅವನು ಕೇಳಿದ್ದು ಸಿಗುತ್ತಿರಲಿಲ್ಲ. ರೋಮಿನ ಸೆನೆಕ ಉಪಕಾರದ ಬಗ್ಗೆ ಬರೆದ ಗ್ರಂಥದಲ್ಲಿ ಈ ತೊಡಕನ್ನು ಆಗಲೇ ಎತ್ತಿದ್ದ: ಕೃತಘ್ನತೆಯನ್ನು ನ್ಯಾಯಾಲಯಕ್ಕೆ ಎಳೆದ ದಿನ ಉಪಕಾರ ಸಾಲವಾಗಿಬಿಡುತ್ತದೆ. ಅನ್ನ, ಸೂರು, ಔಷಧಿಗೆ ಕಾನೂನು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಲಿಯರನ ದುರಂತ ಶುರುವಾಗುವುದು ಕಾನೂನು ಮುಗಿಯುವ ಕಡೆ.

ತಾಯಿ ಎಲ್ಲಿ?

ಫ್ರಾಯ್ಡ್ 1913ರ ಒಂದು ಪ್ರಬಂಧದಲ್ಲಿ ಕಾರ್ಡೀ­ಲಿಯಳ ಮೌನವನ್ನು ಸಾವಿನ ಮೌನವೆಂದು ಓದಿದ. ಮುದುಕ ಹೆಣ್ಣಿನ ಪ್ರೀತಿ ಬಿಡಲಾರ, ಅವನನ್ನು ಎತ್ತಿಕೊಳ್ಳಲು ಕಾದಿರುವ ಮೂರನೆಯವಳು ಮೃತ್ಯು. ಸುಂದರ ಓದು, ಆದರೆ ಅದರಲ್ಲಿ ಹೆಣ್ಣುಮಕ್ಕಳು ಮೂವರೂ ತಂದೆಯ ಕನಸಿನ ಆಕೃತಿಗಳಾಗಿ ಕರಗುತ್ತಾರೆ.

ಸ್ತ್ರೀವಾದಿ ವಿಮರ್ಶಕಿಯರು ಅವರಿಗೆ ಮೈ ಕೊಟ್ಟರು. ಹೆಣ್ಣಿನ ಅವಿಧೇಯತೆಯೇ ಜಗತ್ತು ಮುರಿದುಬೀಳಲು ಕಾರಣ ಎನ್ನುವಂತೆ ನಾಟಕ ನಮ್ಮ ಕರುಣೆಯನ್ನು ತಂದೆಯ ಕಡೆಗೇ ಹರಿಸುತ್ತದೆ ಎಂದು ಕ್ಯಾತ್ಲೀನ್ ಮೆಕ್ಲಸ್ಕಿ 1985ರಲ್ಲಿ ಎಚ್ಚರಿಸಿದಳು. ಮರುವರ್ಷ ಕೊಪೀಲಿಯ ಕಾನ್ ನಾಟಕದಲ್ಲಿ ಇಲ್ಲದ ತಾಯಿಯನ್ನು ಹುಡುಕಿದಳು. ಲಿಯರ್ ಕಿರಿಮಗಳಲ್ಲಿ ತಾಯಿಯನ್ನು ಬಯಸಿದ್ದ, ಅವಳ ಆರೈಕೆಯಲ್ಲಿ ಮತ್ತೆ ಮಗುವಾಗಬೇಕೆಂದಿದ್ದ, ಅದು ಸಿಗದಾಗ ಹೆಣ್ಣುಕುಲವನ್ನೇ ಶಪಿಸಿದ ಎನ್ನುವುದು ಅವಳ ವಿವರಣೆ. ಗಾನರಿಲಳ ಗರ್ಭ ಬರಡಾಗಲಿ ಎಂಬ ಶಾಪವನ್ನು ಬರಿಯ ಸಿಟ್ಟೆಂದು ಓದುವವರಿಗೆ ಆ ಶಾಪದ ಭೀಕರತೆ ತಿಳಿಯುವುದಿಲ್ಲ. ಕಾನ್ ಓದಿದ ಮೇಲೆ ತಿಳಿಯುತ್ತದೆ.

ಈ ದಾರಿಯನ್ನು ಕೊನೆಯವರೆಗೆ ನಡೆದದ್ದು ಕಾದಂಬರಿ. 1991ರಲ್ಲಿ ಬಂದ ಜೇನ್ ಸ್ಮೈಲಿಯ ‘ಎ ಥೌಸಂಡ್ ಏಕರ್ಸ್’ ಕಥೆಯನ್ನು ಅಮೆರಿಕದ ಅಯೋವದ ಹೊಲಕ್ಕೆ ತಂದು ಹಿರಿಮಗಳ ಬಾಯಲ್ಲಿ ಹೇಳಿಸಿತು. ಅಲ್ಲಿ ತಂದೆ ಹಿರಿಯ ಹೆಣ್ಣುಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದವನು. ಕುರೊಸಾವನ ‘ರಾನ್’ (1985) ಚಿತ್ರದಲ್ಲಿ ಮಕ್ಕಳು ಗಂಡಾದರು, ತಂದೆ ಹಿದೆತೊರಾನಿಗೆ ಊರುಗಳನ್ನು ಸುಟ್ಟ ಭೂತಕಾಲ ಬಂತು, ಅವನು ನಾಶ ಮಾಡಿದ ಮನೆತನದ ಹೆಣ್ಣೊಬ್ಬಳು ಸೊಸೆಯಾಗಿ ಬಂದು ಸೇಡು ತೀರಿಸಿಕೊಂಡಳು. ಎರಡೂ ದೊಡ್ಡ ಕೃತಿಗಳೇ. ಆದರೆ ತಂದೆಗೆ ಘೋರವಾದ ಹಿಂದಿನ ಅಪರಾಧವೊಂದನ್ನು ಕೊಟ್ಟಾಗ ಲೆಕ್ಕ ಸರಿಹೋಗಿಬಿಡುತ್ತದೆ. ಷೇಕ್ಸ್‌ಪಿಯರನಲ್ಲಿ ಲೆಕ್ಕ ಸರಿಹೋಗುವುದಿಲ್ಲ, ಅದೇ ನೋವು.

ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ. ಕೆ. ರಾಮಾನುಜನ್ ಭಾರತೀಯ ಈಡಿಪಸ್ ಕುರಿತ ಪ್ರಬಂಧದಲ್ಲಿ ತೋರಿಸಿದ ಒಂದು ಮಾತನ್ನು ಇಲ್ಲಿ ಪಕ್ಕದಲ್ಲಿಟ್ಟು ನೋಡಬೇಕು. ನಮ್ಮ ಕಥೆಗಳಲ್ಲಿ ಏಟು ಮಗನಿಂದ ತಂದೆಗೆ ಬೀಳುವುದಕ್ಕಿಂತ ತಂದೆಯಿಂದ ಮಗನಿಗೆ ಬೀಳುವುದೇ ಹೆಚ್ಚು. ಯಯಾತಿ ಮಗನ ಯೌವನ ಕೇಳುತ್ತಾನೆ, ಪೂರು ಕೊಡುತ್ತಾನೆ, ಪುರಾಣ ಅವನನ್ನು ಹೊಗಳುತ್ತದೆ. ಗಿರೀಶ ಕಾರ್ನಾಡರ ‘ಯಯಾತಿ’ (1961) ಅಲ್ಲಿ ಪೂರುವಿನ ಹೆಂಡತಿ ಚಿತ್ರಲೇಖೆಯನ್ನು ತಂದು, ಕೃತಜ್ಞ ಮಗನ ತ್ಯಾಗದ ಬೆಲೆ ತೆತ್ತವರು ಯಾರು ಎಂದು ಕೇಳಿತು. ಕೃತಘ್ನ ಮಕ್ಕಳ ಬಗ್ಗೆ ಯುರೋಪಿನ ರುದ್ರನಾಟಕ ಕೇಳಿದ ಪ್ರಶ್ನೆಗೆ ಇದು ಇನ್ನೊಂದು ಕೊನೆಯಿಂದ ಬಂದ ಉತ್ತರ.

ದೇವರೂ ಇಲ್ಲದ ಬಯಲು

ಟಾಲ್‌ಸ್ಟಾಯ್ 1906ರ ಪ್ರಬಂಧದಲ್ಲಿ ಲಿಯರ್ ನಾಟಕವನ್ನು ಸಾರಾಸಗಟಾಗಿ ತಳ್ಳಿಹಾಕಿ, ಪಾತ್ರಗಳ ನಡತೆಗೆ ಕಾರಣವಿರುವ ಹಳೆಯ ‘ಲೀರ್’ ನಾಟಕವೇ ಮೇಲು ಎಂದಿದ್ದ. ನಾಲ್ಕು ವರ್ಷಗಳ ಮೇಲೆ ಅವನೇ ಮುಪ್ಪಿನಲ್ಲಿ ಮನೆ ಬಿಟ್ಟು ಹೊರಟು ಅಸ್ತಾಪೊವೊ ರೈಲು ನಿಲ್ದಾಣದಲ್ಲಿ ಸತ್ತ. ಆ ಸಾಮ್ಯವನ್ನು 1947ರಲ್ಲಿ ಜಾರ್ಜ್ ಆರ್ವೆಲ್ ಎತ್ತಿ ತೋರಿಸಿ, ತ್ಯಾಗ ಮಾಡಿಯೂ ತ್ಯಾಗದ ಫಲ ಬಯಸುವುದೇ ಈ ನಾಟಕದ ವಸ್ತು ಎಂದು ಬರೆದ.

ಯುದ್ಧಾನಂತರದ ಪೋಲೆಂಡಿನಿಂದ ಬಂದ ಯಾನ್ ಕಾಟ್‌ಗೆ ತಂದೆ-ಮಕ್ಕಳ ತಪ್ಪುಗಳ ಪಟ್ಟಿಯೇ ಅಪ್ರಸ್ತುತ. ಬೆಕೆಟ್‌ನ ‘ಎಂಡ್‌ಗೇಮ್’ ಪಕ್ಕದಲ್ಲಿಟ್ಟು ಅವನು ಲಿಯರನನ್ನು ಓದಿದ. ಮನುಷ್ಯನನ್ನು ತೂಗುವ ದೇವರಿಲ್ಲ, ಆದ್ದರಿಂದ ತೀರ್ಪೂ ಇಲ್ಲ. ಕಾರ್ಡೀಲಿಯಳ ಸಾವಿಗೆ ನ್ಯಾಯ ಹುಡುಕಿ ಸೋತವರಿಗೆ ಇದು ಪ್ರಾಮಾಣಿಕ ಉತ್ತರವಾಗಿ ಕಾಣುತ್ತದೆ. ಕಾಟ್‌ನಿಂದ ಪ್ರಭಾವಿತನಾದ ಬ್ರೂಕ್ ಕುರುಡ ಗ್ಲಾಸ್ಟರನ ರಕ್ತ ಒರೆಸಿ ಔಷಧಿ ಹಚ್ಚುವ ಆಳುಗಳ ಮಾತನ್ನು ಕತ್ತರಿಸಿದ. ಆ ಕತ್ತರಿ ನನಗೆ ಒಪ್ಪಿಗೆಯಿಲ್ಲ. ಆ ಆಳುಗಳ ಕರುಣೆ ನಾಟಕದಲ್ಲಿ ಯಾರ ಸಾಲವನ್ನೂ ತೀರಿಸುವುದಲ್ಲ, ಆದ್ದರಿಂದಲೇ ಅದು ಬೇಕು.

ಇನ್ನೂ ತೀರದ ಪ್ರಶ್ನೆಗಳು

ಆ ಆಳುಗಳ ಮಾತು 1608ರ ಕ್ವಾರ್ಟೊ ಮುದ್ರಣದಲ್ಲಿದೆ, 1623ರ ಫೋಲಿಯೊದಲ್ಲಿ ಇಲ್ಲ. ಎರಡೂ ಒಂದೇ ಮೂಲದ ಕೆಟ್ಟ ಪ್ರತಿಗಳೆಂದು ಭಾವಿಸಿ ಸಂಪಾದಕರು ಶತಮಾನಗಳ ಕಾಲ ಬೆಸೆದು ಅಚ್ಚು ಹಾಕುತ್ತಿದ್ದರು. 1983ರಲ್ಲಿ ಗ್ಯಾರಿ ಟೇಲರ್ ಮತ್ತು ಮೈಕೆಲ್ ವಾರೆನ್ ಸಂಪಾದಿಸಿದ ಪ್ರಬಂಧ ಸಂಕಲನ ಇವು ಕವಿಯೇ ತಿದ್ದಿದ ಎರಡು ನಾಟಕಗಳೆಂದು ವಾದಿಸಿತು. 1986ರ ಆಕ್ಸ್‌ಫರ್ಡ್ ಆವೃತ್ತಿ ಎರಡನ್ನೂ ಬೇರೆ ಬೇರೆಯಾಗಿ ಮುದ್ರಿಸಿತು. ನಮ್ಮ ಪ್ರಶ್ನೆಗೆ ಇದು ನೇರವಾಗಿ ಸಂಬಂಧಿಸಿದ್ದು. ತಂದೆಯನ್ನು ಹೀಯಾಳಿಸುವ ಗಾನರಿಲಳ ಕೆಲವು ಮಾತುಗಳು ಫೋಲಿಯೊದಲ್ಲಿಲ್ಲ. ಬದಲಾಗಿ, ನೂರು ಜನ ಆಯುಧಧಾರಿಗಳು ಮುಂಗೋಪಿ ಮುದುಕನ ಕೈಕೆಳಗಿದ್ದರೆ ಅಪಾಯ ಎಂದು ಅವಳು ವಾದಿಸುವ ಮಾತು ಸೇರಿದೆ. ಒಂದರಲ್ಲಿ ಕ್ರೂರ ಮಗಳು, ಇನ್ನೊಂದರಲ್ಲಿ ಕ್ರೂರಳಾಗುತ್ತಿರುವ ಆಡಳಿತಗಾರ್ತಿ. ಕಾರ್ಡೀಲಿಯಳ ತುಟಿ ನೋಡಿರೆಂದು ಲಿಯರ್ ಸಾಯುತ್ತ ಹೇಳುವ ಮಾತೂ ಫೋಲಿಯೊದ್ದೇ. ಬ್ರ್ಯಾಡ್ಲಿಯ ಸಂತೋಷದ ಸಾವು ಅದರ ಮೇಲೆ ನಿಂತಿದೆ. ತಿದ್ದಿದ್ದು ಷೇಕ್ಸ್‌ಪಿಯರನೇ ಎಂಬುದನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ.

ಸರದಾರರು ನಿಜಕ್ಕೂ ಪುಂಡರೋ? ಗಾನರಿಲ್ ಹೌದೆನ್ನುತ್ತಾಳೆ, ಲಿಯರ್ ಅವರು ಕರ್ತವ್ಯ ಬಲ್ಲವರೆನ್ನುತ್ತಾನೆ. ನಾಟಕ ಅವರನ್ನು ನಿರ್ಣಾಯಕವಾಗಿ ತೋರಿಸುವುದಿಲ್ಲ, ತೀರ್ಪು ಪ್ರತಿ ನಿರ್ದೇಶಕನ ಪಾಲಿಗೆ ಬಿಟ್ಟದ್ದು. ಕಾರ್ಡೀಲಿಯಳ ಉತ್ತರದಲ್ಲಿ ತಂದೆಯ ಹಟದ ಒಂದು ತುಣುಕೂ ಇತ್ತೋ? ಕೋಲ್‌ರಿಜ್‌ಗೆ ಅಲ್ಲಿ ಸ್ವಲ್ಪ ಗರ್ವ ಕಂಡಿತ್ತು. ಅಕ್ಕಂದಿರ ಸ್ವಭಾವ ಬಲ್ಲವಳು ತಂದೆಯನ್ನು ಅವರ ಕೈಗೆ ಬಿಡುವ ಬದಲು ಒಂದು ಮೃದು ಮಾತು ಆಡಬಹುದಿತ್ತು ಎನ್ನುವವರಿಗೆ, ಆಡಿದ್ದರೆ ಅವಳೂ ಆ ವ್ಯಾಪಾರದಲ್ಲಿ ಪಾಲುದಾರಳಾಗುತ್ತಿದ್ದಳು ಎನ್ನುವ ಉತ್ತರವಿದೆ. ನಾನು ಎರಡನೆಯವರ ಕಡೆಗೆ ವಾಲುತ್ತೇನೆ, ಪೂರ್ತಿ ನೆಮ್ಮದಿಯಿಂದಲ್ಲ.

ಎಲ್ಲಕ್ಕಿಂತ ಕಷ್ಟದ್ದು ಸೆರೆ ಸಿಕ್ಕ ಮೇಲಿನ ದೃಶ್ಯ. ಸೆರೆಮನೆಯಲ್ಲಿ ನಾವಿಬ್ಬರೇ ಪಂಜರದ ಹಕ್ಕಿಗಳಂತೆ ಹಾಡಿಕೊಂಡಿರೋಣ ಎಂದು ಲಿಯರ್ ಮಗಳಿಗೆ ಹೇಳುತ್ತಾನೆ. ಇದು ಅಹಂಕಾರವೆಲ್ಲ ಕಳಚಿದ ಮನುಷ್ಯನ ಮಾತೆಂದು ಕೆಲವರು ಓದುತ್ತಾರೆ. ಮಗಳನ್ನು ಗಂಡನೊಡನೆ ಹಂಚಿಕೊಳ್ಳದೆ ಪೂರ್ತಿ ತನ್ನವಳಾಗಿಸಿಕೊಳ್ಳುವ ಮೊದಲ ದೃಶ್ಯದ ಆಸೆಯೇ ಇಲ್ಲಿ ಈಡೇರುತ್ತಿದೆ ಎಂದು ಇನ್ನು ಕೆಲವರು. ಅದಕ್ಕೆ ಕಾರ್ಡೀಲಿಯ ಏನೂ ಉತ್ತರಿಸುವುದಿಲ್ಲ, ಅಳುತ್ತಾಳೆ. ಅದಕ್ಕೆ ಮುಂಚೆ ಅವಳು ಕೇಳಿದ್ದೇ ನಾಟಕದಲ್ಲಿ ಅವಳ ಕೊನೆಯ ಮಾತು: ಆ ಹೆಣ್ಣುಮಕ್ಕಳನ್ನು, ಆ ಅಕ್ಕಂದಿರನ್ನು ನಾವು ನೋಡುವುದು ಬೇಡವೇ? ಲಿಯರ್ ಬೇಡವೇ ಬೇಡ ಎನ್ನುತ್ತಾನೆ. ಎರಡನೆಯ ಅಂಕದ ಬಾಗಿಲು ಹಾಕಿದ ರಾತ್ರಿಯ ನಂತರ ತಂದೆ ಮತ್ತು ಹಿರಿಯ ಹೆಣ್ಣುಮಕ್ಕಳು ಬದುಕಿರುವಾಗ ಮತ್ತೆ ಮುಖಾಮುಖಿಯಾಗುವುದೇ ಇಲ್ಲ. ಕಾರ್ಡೀಲಿಯ ಅವರನ್ನು ನೋಡಬಯಸಿದ್ದು ಜಗಳಕ್ಕೋ, ಕ್ಷಮೆಗೋ, ತಂದೆಯ ಜೀವ ಕೇಳಿಕೊಳ್ಳಲೋ, ಷೇಕ್ಸ್‌ಪಿಯರ್ ಹೇಳಲಿಲ್ಲ. ತಂದೆಯ ತಪ್ಪು ಮತ್ತು ಮಕ್ಕಳ ದ್ರೋಹ ಒಂದೇ ಕೋಣೆಯಲ್ಲಿ ಎದುರುಬದುರಾಗಬಹುದಾಗಿದ್ದ ಆ ದೃಶ್ಯವನ್ನು ಅವನು ಯಾಕೆ ಬರೆಯಲಿಲ್ಲ ಎಂಬ ಪ್ರಶ್ನೆಗೆ ನಾನು ಓದಿದ ಯಾವ ಪಂಥದಲ್ಲೂ ಸಮಾಧಾನದ ಉತ್ತರ ಸಿಕ್ಕಿಲ್ಲ.